ವೈರಾಣುವಿನ ಹೊಸ ಚಿಪ್ಪಿಗೆ ಆಳಂದದ ರಕ್ತ

ಆಳಂದದ ಹೊರವಲಯದ ದಾಲ್‌ಮಿಲ್ಲಿನಲ್ಲಿ ಯಂತ್ರಗಳಿನ್ನೂ ಶುರುವಾಗಿಲ್ಲ. ಅಂಗಳದ ತುಂಬ ತೊಗರಿ ಚೀಲಗಳ ರಾಶಿ. ಪೂರ್ವದ ಗೋಡೆಯ ಮೇಲೆ ಈಗಷ್ಟೇ ಬೆಳಕು ಬೀಳುತ್ತಿದೆ. ಖಾಲಿ ಗೋಣಿಚೀಲವೊಂದನ್ನು ಹಾಸಿಕೊಂಡು, ಮಗ್ಗುಲಲ್ಲಿ ನೀಲಿ ಬಣ್ಣದ ಐಸ್ ಡಬ್ಬಿ ಇಟ್ಟುಕೊಂಡು, ಬುರ್ಖಾದ ತೋಳನ್ನು ಮೊಣಕೈವರೆಗೆ ಮಡಚಿ ಬದರುನ್ನಿಸಾ ಕುಳಿತಿದ್ದಾರೆ. ಎದುರಿಗೆ ಕುಕ್ಕರುಗಾಲಲ್ಲಿ ಕುಳಿತಿರುವ ಹಮಾಲನಿಗೆ ಸೂಜಿ ಕಂಡರೆ ಭಯ. ಆದರೆ ಅದನ್ನು ಹೇಳಿಕೊಳ್ಳಲು ಮನಸ್ಸಿಲ್ಲ.

"ಕ್ವಿಂಟಲ್ ಚೀಲ ಬೆನ್ನ ಮ್ಯಾಲ ಹೊರೋ ಮನುಷ್ಯಾ ನಾ. ನನಗ್ಯಾವ ಬ್ಯಾನಿ ಅದ ಅಂತ ರಕ್ತ ತಗೀತೀರಿ ಅಕ್ಕಾರ?" ಎಂದು ಆತ ಕೇಳುತ್ತಾನೆ.

"ಬ್ಯಾನಿ ಇಲ್ಲದೋರ ರಕ್ತಾನೇ ಬೇಕಾಗ್ಯಾದಪ್ಪಾ. ಬ್ಯಾನಿ ಇದ್ದೋರದು ನನ್ನ ಹತ್ರ ಆಗಲೇ ಅದ," ಎನ್ನುತ್ತಾರೆ ಬದರುನ್ನಿಸಾ. ಆಮೇಲೆ, ಎಲ್ಲರಿಗೂ ಹೇಳುವ ಮಾತನ್ನು ಅವನಿಗೂ ಹೇಳುತ್ತಾರೆ: "ನೋಡು, ಇದರಿಂದ ನಿನಗ ಏನೂ ಸಿಗಂಗಿಲ್ಲ. ಕೊಡೂದಿದ್ರ ಕೊಡು, ಒಲ್ಲೆ ಅಂದ್ರ ಎದ್ದು ಹೋಗು. ನಾ ಸಿಟ್ಟಿಗೇಳಂಗಿಲ್ಲ."

ಗೆಳೆಯರೆಲ್ಲ ನೋಡುತ್ತಿದ್ದಾರೆ. ಏಳುವಂತಿಲ್ಲ. ಆತ ಮುಖವನ್ನು ಚೀಲಗಳ ಕಡೆ ತಿರುಗಿಸಿ ತೋಳು ಚಾಚುತ್ತಾನೆ. ಮುಂದಿನ ಕೆಲಸ ಅವನಿಗೆ ಗೊತ್ತಾಗುವ ಮೊದಲೇ ಮುಗಿದಿದೆ. "ಆತೇನ್ರಿ?" ಎಂದು ಅವನು ಕೇಳುವಾಗ ಬದರುನ್ನಿಸಾ ಗಾಜಿನ ನಳಿಕೆಯನ್ನು ಡಬ್ಬಿಯ ಅಂಚಿಗೆ ನೆಟ್ಟಗೆ ನಿಲ್ಲಿಸುತ್ತಿದ್ದಾರೆ. ಸ್ವಲ್ಪ ಹೊತ್ತಿನ ಮೇಲೆ ಅದನ್ನು ಬೆಳಕಿಗೆ ಹಿಡಿದು ನನಗೆ ತೋರಿಸುತ್ತಾರೆ. ಕೆಂಪು ದ್ರವ ಈಗ ಮೊಸರಿನಂತೆ ಗಟ್ಟಿಯಾಗಿ, ನಳಿಕೆ ವಾಲಿಸಿದರೂ ಅಲುಗದೆ ನಿಂತಿದೆ.

"ಹೆಪ್ಪು ಹಿಡೀತು ನೋಡ್ರಿ. ಇಷ್ಟು ವರ್ಷ ಆದ್ರೂ ಇದನ್ನ ನೋಡಿದ್ರ ನನಗ ಖುಷಿ ಆಗ್ತದ. ಎಲ್ಲರದೂ ಹಿಂಗ ಹಿಡಿಯಂಗಿಲ್ರಿ."

ಹೆಪ್ಪು ಹಿಡಿಯದ ರಕ್ತವನ್ನು ಬದರುನ್ನಿಸಾ ತಮ್ಮ ಮನೆಯಲ್ಲೇ ನೋಡಿ ಬೆಳೆದವರು. ನಲವತ್ತನಾಲ್ಕರ ಈ ಹೆಣ್ಣುಮಗಳು ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಊರೂರು ಸುತ್ತಿ ರಕ್ತದ ಮಾದರಿ ಸಂಗ್ರಹಿಸುತ್ತಾರೆ. ಬೆಂಗಳೂರಿನ ಸಂಶೋಧನಾ ಕೇಂದ್ರವೊಂದರ ಯೋಜನೆಗಾಗಿ ಈ ಕೆಲಸ. ಮೊದಲ ಬಸ್ಸಿಗೆ ಹೊರಟರೆ, ಡಬ್ಬಿಯಲ್ಲಿನ ಐಸ್ ಕರಗುವ ಮುಂಚೆ ಕಲಬುರಗಿಯ ಪ್ರಯೋಗಾಲಯಕ್ಕೆ ಮಾದರಿಗಳನ್ನು ಮುಟ್ಟಿಸಬೇಕು. ದಿನಕ್ಕೆ ಹತ್ತು ಮಂದಿ ತೋಳು ಕೊಟ್ಟರೆ ಅದು ಒಳ್ಳೆಯ ದಿನ. ಒಬ್ಬರೂ ಕೊಡದ ದಿನಗಳೂ ಇವೆ. ಈ ಮಾರ್ಗದ ಕಂಡಕ್ಟರುಗಳಿಗೆಲ್ಲ ಅವರ ಪರಿಚಯವಿದೆ. "ಬದರಕ್ಕಾ, ಇವತ್ತು ಕುಲ್ಫಿ ಎಷ್ಟು ತಂದೀರಿ?" ಎಂದು ಚೇಷ್ಟೆ ಮಾಡುತ್ತ ಡಬ್ಬಿಗೆ ಎಂಜಿನ್ನಿನ ಬಿಸಿ ತಾಗದ ಜಾಗ ಹುಡುಕಿ ಕೊಡುತ್ತಾರೆ.

ಅವರು ಒಯ್ಯುವ ರಕ್ತದಿಂದ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಿಮೋಫಿಲಿಯಾ ಇದ್ದವರ ದೇಹದಲ್ಲಿ ರಕ್ತ ಹೆಪ್ಪುಗಟ್ಟಿಸುವ ಒಂದು ಅಂಶ ತಯಾರಾಗುವುದಿಲ್ಲ. ಅದನ್ನು ತಯಾರಿಸುವ ವಂಶವಾಹಿ, ಅಂದರೆ ಜೀನ್, ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಕೆಟ್ಟದ್ದರ ಬದಲಿಗೆ ಒಳ್ಳೆಯದನ್ನು ಯಕೃತ್ತಿಗೆ ತಲುಪಿಸಿದರೆ ದೇಹವೇ ಆ ಅಂಶವನ್ನು ತಯಾರಿಸಿಕೊಳ್ಳುತ್ತದೆ. ತಲುಪಿಸುವುದು ಹೇಗೆ? ಜೀವಕೋಶದ ಒಳಹೊಕ್ಕುವುದರಲ್ಲಿ ವೈರಾಣುಗಳನ್ನು ಮೀರಿಸಿದವರಿಲ್ಲ. ಹಾಗಾಗಿ ವಿಜ್ಞಾನಿಗಳು ಯಾವ ರೋಗವನ್ನೂ ತಾರದ ಒಂದು ಪುಟ್ಟ ವೈರಾಣುವನ್ನು ಆರಿಸಿ, ಅದರ ಒಳಗಿನದನ್ನೆಲ್ಲ ತೆಗೆದು, ಬರೀ ಹೊರಗಿನ ಚಿಪ್ಪನ್ನು ಉಳಿಸಿಕೊಂಡು, ಅದರೊಳಗೆ ಒಳ್ಳೆಯ ಜೀನನ್ನು ತುಂಬಿ ರಕ್ತಕ್ಕೆ ಬಿಡುತ್ತಾರೆ. ಚಿಪ್ಪು ಯಕೃತ್ತನ್ನು ಸೇರಿ ತನ್ನ ಸರಕನ್ನು ಇಳಿಸುತ್ತದೆ.

ತೊಡಕು ಇರುವುದು ಆ ಚಿಪ್ಪಿನಲ್ಲೇ. ಈ ವೈರಾಣು ನಮ್ಮ ನಡುವೆ ಓಡಾಡಿಕೊಂಡೇ ಇರುವಂಥದ್ದು. ಚಿಕ್ಕಂದಿನಲ್ಲಿ ಯಾವಾಗಲೋ ನಮಗೆ ಗೊತ್ತಿಲ್ಲದಂತೆ ಮೈಯೊಳಗೆ ಬಂದು ಹೋಗಿರುತ್ತದೆ. ಬಂದು ಹೋದವರ ರಕ್ತದಲ್ಲಿ ಅದರ ಗುರುತು ಹಿಡಿಯುವ ಪ್ರತಿಕಾಯಗಳು ಉಳಿದಿರುತ್ತವೆ. ಅಂಥವರಿಗೆ ಚಿಕಿತ್ಸೆ ಕೊಟ್ಟರೆ ಚಿಪ್ಪು ದಾರಿಯಲ್ಲೇ ನಾಶವಾಗುತ್ತದೆ, ಜೀನ್ ಮುಟ್ಟುವುದಿಲ್ಲ. ಆದ್ದರಿಂದ ಈಗ ಚಿಪ್ಪಿನ ಮೇಲ್ಮೈಯನ್ನು ಅಲ್ಲಿಷ್ಟು ಇಲ್ಲಿಷ್ಟು ಬದಲಿಸಿ, ಹಳೆಯ ಪ್ರತಿಕಾಯಗಳಿಗೆ ಗುರುತು ಸಿಗದ ಹೊಸ ಹೊಸ ಚಿಪ್ಪುಗಳನ್ನು ತಯಾರಿಸುವ ಕೆಲಸ ನಡೆದಿದೆ. ಯಾವ ಚಿಪ್ಪು ಯಾವ ಸೀಮೆಯ ಜನರ ರಕ್ತದಲ್ಲಿ ಪಾರಾಗುತ್ತದೆ ಎಂದು ತಿಳಿಯಲು ಆ ಸೀಮೆಯ ಜನರ ರಕ್ತವೇ ಬೇಕು. ಕಾಯಿಲೆಯವರದೂ ಬೇಕು, ಕ್ವಿಂಟಲ್ ಚೀಲ ಹೊರುವವರದೂ ಬೇಕು.

ಇದನ್ನೆಲ್ಲ ಬದರುನ್ನಿಸಾ ಒಂದೇ ದಿನದಲ್ಲಿ ಕಲಿತವರಲ್ಲ. ಅವರ ತಾಯಿ ಮೆಹರಾಜಬೇಗಂ ಅವರಿಗೆ ಮೂವರು ಮಕ್ಕಳು. ಹಿರಿಯವಳು ಬದರುನ್ನಿಸಾ, ನಡುವಿನವ ಅಮೀರ, ಕಿರಿಯವ ಖಮರ. ಅಮೀರನಿಗೆ ಐದು ವರ್ಷವಾದಾಗ ಖತ್ನಾ, ಅಂದರೆ ಸುನ್ನತಿ, ಇಟ್ಟುಕೊಂಡರು. ಮನೆಯಲ್ಲಿ ನೆಂಟರು, ಅಡುಗೆ, ಹೊಸ ಬಟ್ಟೆ. ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಗೊತ್ತಾಯಿತು, ರಕ್ತ ನಿಲ್ಲುತ್ತಿಲ್ಲ. ಜೀಪಿನಲ್ಲಿ ಸೊಲ್ಲಾಪುರಕ್ಕೆ ಹೊತ್ತೊಯ್ದರು. ಮಗು ಉಳಿಯಲಿಲ್ಲ.

"ಖತ್ನಾ ಮಾಡಿದ ಹಜಾಮ ಭಾಳ ಒಳ್ಳೆ ಮನುಷ್ಯಾ ಇದ್ದರಿ," ಎಂದು ಬದರುನ್ನಿಸಾ ನೆನೆಯುತ್ತಾರೆ. "ಜಿಂದಗಿ ಪೂರಾ ತನ್ನ ಕೈ ತಪ್ಪಿತಂತ ತಿಳ್ಕೊಂಡೇ ಹ್ವಾದ. ಅವಂದೇನೂ ತಪ್ಪಿರಲಿಲ್ಲ. ಆವಾಗ ನಮಗ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದ ಮ್ಯಾಲ ಅವರ ಮನಿಗೆ ಹೋಗಿ ಹೇಳಬೇಕಂದ್ರ ಅವ ತೀರಿಕೊಂಡಿದ್ದ."

ಕಾಯಿಲೆಯ ಹೆಸರು ಗೊತ್ತಾದದ್ದು ಖಮರ ಅಂಬೆಗಾಲಿಡತೊಡಗಿದಾಗ. ನೆಲಕ್ಕೆ ಊರಿದ ಮೊಣಕಾಲುಗಳೆರಡೂ ನೀಲಿಗಟ್ಟಿ ಬಾತುಕೊಂಡವು. ಈ ಸಲ ಮೆಹರಾಜಬೇಗಂ ಯಾರ ಮಾತಿಗೂ ಕಾಯದೆ ಮಗುವನ್ನೆತ್ತಿಕೊಂಡು ಕಲಬುರಗಿಯ ಬಸ್ಸು ಹತ್ತಿದರು. ವೈದ್ಯರು ಹಿಮೋಫಿಲಿಯಾ ಎಂದರು, ಇದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ ಎಂದೂ ಹೇಳಿದರು. ಆ ಎರಡನೆಯ ಮಾತು ಊರಿಗೆ ಬೇಗ ತಲುಪಿತು. ನೆಂಟರ ಮನೆಯ ಮದುವೆಗಳಲ್ಲಿ ಮೆಹರಾಜಬೇಗಂ ಅವರನ್ನು ಮದುಮಗಳ ಹತ್ತಿರ ಕೂರಿಸುವುದು ನಿಂತುಹೋಯಿತು.

ತಮ್ಮನ ಜೊತೆ ಆಸ್ಪತ್ರೆಗೆ ಹೋಗಿ ಬಂದು ಮಾಡುತ್ತಲೇ ಬದರುನ್ನಿಸಾ ದೊಡ್ಡವರಾದರು. ಮದುವೆಯಾದ ಮೇಲೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಕಲಿತರು. ಗಂಡ ಸಿಕಂದರ ಖಜೂರಿ ದಾರಿಯಲ್ಲಿ ಮಹಾರಾಷ್ಟ್ರಕ್ಕೆ ಲಾರಿ ಓಡಿಸುವವರು. "ನಾ ಹೆಂಗೂ ಮನ್ಯಾಗ ಇರಂಗಿಲ್ಲ. ನೀ ಕಲಿ, ನಿನ್ನ ತಮ್ಮಗರ ಆಗ್ತದ," ಎಂದು ಅವರೇ ಹೆಸರು ಹಚ್ಚಿಸಿ ಬಂದಿದ್ದರು. ಆಳಂದದ ಸಣ್ಣ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿತು. ಹಿಮೋಫಿಲಿಯಾದವರ ರಕ್ತ ತೆಗೆಯುವುದೆಂದರೆ ಹಲವರು ಹಿಂಜರಿಯುತ್ತಾರೆ. ತೆಳ್ಳನೆಯ ಸೂಜಿ ಬೇಕು. ನರ ಒಂದೇ ಸಲಕ್ಕೆ ಸಿಗಬೇಕು. ಆಮೇಲೆ ತಿಕ್ಕದೆ, ಒರೆಸದೆ, ಹತ್ತಿಯನ್ನು ಸುಮ್ಮನೆ ಒತ್ತಿಹಿಡಿದು ತಾಳ್ಮೆಯಿಂದ ಕೂಡಬೇಕು. ಖಮರನ ತೋಳಿನ ಮೇಲೆ ಈ ತಾಳ್ಮೆ ಬದರುನ್ನಿಸಾಗೆ ರೂಢಿಯಾಗಿತ್ತು. ಕಲಬುರಗಿಯಲ್ಲಿ ರಕ್ತರೋಗ ತಜ್ಞೆಯಾಗಿರುವ ಜೇವರ್ಗಿಯ ಡಾ. ಬಸವೇಶ್ವರಿ ಇದನ್ನು ಗಮನಿಸಿದ್ದರು. ಬೆಂಗಳೂರಿನ ಯೋಜನೆ ಬಂದಾಗ ಮೊದಲು ಕೇಳಿದ್ದು ಇವರನ್ನೇ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೇಲಿನವರು ಒಂದು ಎಚ್ಚರಿಕೆ ಕೊಟ್ಟಿದ್ದರು. ಹಳ್ಳಿಗಳಲ್ಲಿ 'ವೈರಸ್' ಎಂಬ ಪದ ಎತ್ತಬೇಡಿ, ಜನ ಹೆದರುತ್ತಾರೆ, ಬರೀ ರಕ್ತ ಪರೀಕ್ಷೆ ಅನ್ನಿ. ಬದರುನ್ನಿಸಾ ಹಾಗೇ ಮಾಡಿದರು. ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಒಂದು ಊರಿನಲ್ಲಿ ಅದು ತಿರುಗುಬಾಣವಾಯಿತು. ರಕ್ತ ಕೊಟ್ಟವರಲ್ಲಿ ಮುಸ್ತಕೀಮ ಎಂಬ ಪದವೀಧರನೂ ಇದ್ದ. ಅವನು ಮೊಬೈಲಿನಲ್ಲಿ ಈ ಯೋಜನೆಯ ಬಗ್ಗೆ ಹುಡುಕಿ ಓದಿ, ಊರಬಾಗಿಲ ಅಗಸೆಯಲ್ಲಿ ಎಲ್ಲರೆದುರು ಕೇಳಿಯೇ ಬಿಟ್ಟ.

"ಇದು ವೈರಸ್ಸಿನ ಕೆಲಸ ಹೌದೋ ಅಲ್ಲೋ, ಅಷ್ಟು ಹೇಳ್ರಿ ಅಕ್ಕಾರ."

ಬದರುನ್ನಿಸಾಗೆ ಬಾಯಿ ಬರಲಿಲ್ಲ. ಆ ಮೌನವೇ ಸಾಕಾಯಿತು. ಕೊರೊನಾ ಮಹಾಮಾರಿಯ ದಿನಗಳಲ್ಲಿ ಬೆಂದು ನೊಂದ ಊರು ಅದು. ಯಾರೋ ಡಬ್ಬಿ ಕಸಿದರು, ಯಾರೋ ಮುಚ್ಚಳ ತೆಗೆದರು. ಐಸ್, ನಳಿಕೆಗಳು, ಬೆಳಗಿನಿಂದ ಕೂಡಿಸಿದ ರಕ್ತ ಎಲ್ಲ ಧೂಳಿಗೆ ಬಿತ್ತು. "ನಮಗ ರೋಗ ಹಚ್ಚಾಕ ಬಂದಿ ಏನ ಬೇ?" ಎಂದು ಒಬ್ಬ ಕೈ ಎತ್ತಿ ಮುಂದೆ ಬಂದ. ಅವನನ್ನು ತಡೆದು ನಿಲ್ಲಿಸಿದವರು ಊರಿನ ಹಿರಿಯ ದತ್ತಪ್ಪ. "ಮನಿಗೆ ಹೋಗವ್ವಾ. ಈಗ ಮಾತಾಡೂ ಹೊತ್ತಲ್ಲ," ಎಂದು ಅವರೇ ಬಸ್ಸಿನತನಕ ಕಳಿಸಿ ಬಂದರು.

ಮರುವಾರ ಬದರುನ್ನಿಸಾ ಅದೇ ಊರಿಗೆ ಹೋದರು. ಡಬ್ಬಿ ಒಯ್ಯಲಿಲ್ಲ, ಮೇಲಿನವರನ್ನು ಕೇಳಲೂ ಇಲ್ಲ. ಸಿಕಂದರ ಜೊತೆಗೆ ಬರುತ್ತೇನೆಂದರೂ ಬೇಡವೆಂದರು. ದತ್ತಪ್ಪನವರ ಮನೆಯ ಕಟ್ಟೆಯ ಮೇಲೆ ಕುಳಿತು, ಕೂಡಿದ ಜನಕ್ಕೆ ಹೇಳಿದರು: "ಹೌದ್ರಿ, ಇದು ವೈರಸ್ಸಿನ ಕೆಲಸ. ನಾ ಆವತ್ತೇ ಹೇಳಬೇಕಿತ್ತು. ವೈರಸ್ಸಿನ ಒಳಗಿಂದು ತಗದು ಖಾಲಿ ಚಿಪ್ಪಿನ್ಯಾಗ ಔಷಧ ತುಂಬ್ತಾರ. ನಿಮಗ ಯಾರಿಗೂ ಅದನ್ನ ಚುಚ್ಚಂಗಿಲ್ಲ. ನಿಮ್ಮ ರಕ್ತದಾಗ ಆ ಚಿಪ್ಪಿಗೆ ಅಡ್ಡ ಬರೂದು ಅದನೋ ಇಲ್ಲೋ, ಅಷ್ಟೇ ನೋಡ್ತಾರ. ನನ್ನ ತಮ್ಮಗ ಈ ಬ್ಯಾನಿ ಅದ. ಇನ್ನೊಬ್ಬ ತಮ್ಮ ಇದ್ರಾಗೇ ಹ್ವಾದ." ಅಮೀರನ ಕಥೆಯನ್ನು ಅವರು ಹೊರಗಿನವರೆದುರು ಹೇಳಿದ್ದು ಅದೇ ಮೊದಲು.

ದತ್ತಪ್ಪ ಎಲ್ಲ ಕೇಳಿಸಿಕೊಂಡು, "ನಾ ಮುದುಕ. ನನ್ನ ರಕ್ತ ನಡೀತದೇನವ್ವಾ?" ಎಂದು ಕೇಳಿದರಂತೆ. ನಡೆಯುತ್ತದೆ ಎಂದಾಗ, "ಹಂಗಾದ್ರ ಬರೂ ವಾರ ಡಬ್ಬಿ ತಗೊಂಡು ಬಾ," ಎಂದರಂತೆ. ಈಗ ಮೂರು ತಾಲ್ಲೂಕುಗಳಲ್ಲಿ ಅತಿ ಹೆಚ್ಚು ಮಾದರಿ ಬರುವ ಊರುಗಳಲ್ಲಿ ಅದೂ ಒಂದು. ಮುಸ್ತಕೀಮನೇ ಜನರನ್ನು ಕೂಡಿಸುತ್ತಾನೆ.

ಆ ಗಲಾಟೆಯ ಹೊತ್ತಿಗಾಗಲೇ ಹಳೆಯ, ಅಂದರೆ ಇನ್ನೂ ಬದಲಿಸದ, ಚಿಪ್ಪಿನ ಪ್ರಯೋಗಕ್ಕೆ ರೋಗಿಗಳನ್ನು ಆರಿಸುವ ಕೆಲಸ ಶುರುವಾಗಿತ್ತು. ಈ ಸೀಮೆಯ ಹಿಮೋಫಿಲಿಯಾದವರ ರಕ್ತವನ್ನೆಲ್ಲ ತೆಗೆದವರು ಬದರುನ್ನಿಸಾ. ಅದರಲ್ಲಿ ತಮ್ಮ ಖಮರನದೂ ಇತ್ತು, ಯಡ್ರಾಮಿಯ ಚಿತ್ರಕಲಾ ಶಿಕ್ಷಕ ಅಮರನಾಥನದೂ ಇತ್ತು. ಖಮರನಿಗೆ ಆಗ ಮೂವತ್ತು ದಾಟಿತ್ತು. ಒಂದು ಮೊಣಕಾಲು ಮಡಚಲು ಬಾರದಷ್ಟು ಬಿಗಿದುಕೊಂಡಿತ್ತು. ಆಳಂದದಿಂದ ಖಜೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ಲಾರಿಗಳಿಗೆ ರೇಡಿಯಂ ಅಕ್ಷರ, ಹೂವು, ನಂಬರು ಅಂಟಿಸುವ ಅಂಗಡಿ ಅವನದು. ಹಿಂದೆ ಬ್ಲೇಡಿನಿಂದ ಕತ್ತರಿಸುವಾಗ ತಾಯಿ ಅಂಗಡಿಯ ಮುಂದೆಯೇ ಕೂಡುತ್ತಿದ್ದರಂತೆ. ಕತ್ತರಿಸುವ ಯಂತ್ರ ಬಂದ ಮೇಲೆ ಅವರು ಮನೆಯಲ್ಲಿ ಕೂಡತೊಡಗಿದರು.

ಫಲಿತಾಂಶ ಹೇಳಲು ಡಾ. ಬಸವೇಶ್ವರಿ ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದರು. ಅಮರನಾಥನ ರಕ್ತದಲ್ಲಿ ಚಿಪ್ಪಿಗೆ ಅಡ್ಡಿ ಇರಲಿಲ್ಲ. ಖಮರನದರಲ್ಲಿ ಇತ್ತು. ಸ್ವಲ್ಪವಲ್ಲ, ಪರೀಕ್ಷೆಗೊಳಗಾದ ಎಲ್ಲರಿಗಿಂತ ಹೆಚ್ಚಿತ್ತು. ಅವನಿಗೆ ಈ ಚಿಕಿತ್ಸೆ ನಾಟುವುದಿಲ್ಲ.

"ಬಸ್ಸಿನ್ಯಾಗ ವಾಪಸ್ ಬರೂವಾಗ ಅವನೇ ಮಾತು ತಗದ," ಎನ್ನುತ್ತಾರೆ ಬದರುನ್ನಿಸಾ. "ಕಡಗಂಚಿ ದಾಟಿದ ಮ್ಯಾಲ ಅಂದ, 'ಆಪಾ, ನೀ ಊರೂರು ತಿರುಗಿ ಮಂದಿಗೆಲ್ಲ ದಾರಿ ಮಾಡಿದಿ. ನನ್ನ ದಾರಿ ಮುಚ್ಚಿತು.' ಅಷ್ಟೇ ಅಂದದ್ದು. ಆಮ್ಯಾಗ ಭಾಳ ದಿನ ನನ್ನ ಕೂಡ ಮಾತು ಬಿಟ್ಟ. ಮನಿಗೆ ಹ್ವಾದ್ರ ಎದ್ದು ಅಂಗಡಿಗೆ ಹೋಗ್ತಿದ್ದ. ಅಂಗಡಿಗೆ ಹ್ವಾದ್ರ ಗಿರಾಕಿ ಕೂಡ ಮಾತಾಡ್ತಿದ್ದ."

ಕೆಲಸ ಬಿಡಬೇಕು ಅನ್ನಿಸಲಿಲ್ಲವೇ? "ಅನ್ನಿಸ್ತರಿ. ದಿನಾ ಅನ್ನಿಸ್ತಿತ್ತು. ಆದ್ರ ಯಡ್ರಾಮಿಗೆ ಮತ್ತೊಮ್ಮೆ ರಕ್ತ ತಗೀಲಿಕ್ಕೆ ಹೋಗಬೇಕಿತ್ತು. ಆ ಹುಡುಗನ ನರ ಭಾಳ ಸಣ್ಣು. ಬ್ಯಾರೆ ಯಾರರ ಹೋಗಿ ನಾಕು ಕಡೆ ಚುಚ್ಚಿದ್ರ ಹೆಂಗ?"

ಆ ಯಡ್ರಾಮಿಯ ಮನೆಯಲ್ಲಿ ಅವರಿಗೆ ಇನ್ನೊಂದು ಪರೀಕ್ಷೆ ಕಾದಿತ್ತು. ಅಮರನಾಥನ ತಾಯಿ ಶಿವಕಾಂತಾ ಬೆಳಗಿನ ಲಿಂಗಪೂಜೆ ಮುಗಿಸಿ, ವಿಭೂತಿ ಆರದ ಹಣೆಯಲ್ಲೇ ಬಂದು ಎದುರಿಗೆ ಕುಳಿತರು. ಈ ಚಿಕಿತ್ಸೆಯನ್ನು ಒಬ್ಬರು ಒಂದೇ ಸಲ ಪಡೆಯಬಹುದು. ಒಮ್ಮೆ ಮೈಯೊಳಗೆ ಹೋದ ಚಿಪ್ಪಿಗೆ ದೇಹ ತಾನೇ ಅಡ್ಡಗೋಡೆ ಕಟ್ಟುತ್ತದೆ. ಈಗ ಫಲಿಸದಿದ್ದರೆ ಅದೇ ಚಿಪ್ಪಿನಲ್ಲಿ ಮತ್ತೆ ಕೊಡಲು ಬರುವುದಿಲ್ಲ. ವೈದ್ಯರು ಇದನ್ನೆಲ್ಲ ವಿವರಿಸಿದ್ದರು. ಶಿವಕಾಂತಾ ಅವರಿಗೆ ಬೇಕಿದ್ದದ್ದು ಬೇರೆಯೇ ಮಾತು.

"ನಿನ್ನ ತಮ್ಮಗ ಈ ಅವಕಾಶ ಸಿಕ್ಕಿದ್ರ ನೀ ಕಳಸ್ತಿದ್ದೇನವ್ವಾ? ಖರೇ ಹೇಳು."

ಬದರುನ್ನಿಸಾ ಅಮರನಾಥನ ತೋಳಿನ ಮೇಲಿನ ಹತ್ತಿಯನ್ನು ಒತ್ತಿಹಿಡಿದಿದ್ದರು. ಎದ್ದು ಹೋಗುವಂತಿರಲಿಲ್ಲ. "ನನ್ನ ತಮ್ಮಗ ಸಿಗಲಿಲ್ರಿ ಅವ್ವಾರ," ಎಂದರು. "ಸಿಕ್ಕಿದ್ರ ನಾ ಹೆದರ್ತಿದ್ದೆ. ಆದ್ರ ಹೌದು ಅನ್ನೂದು, ಬ್ಯಾಡ ಅನ್ನೂದು ಅವನೇ ಅನಬೇಕಿತ್ತು. ನಿಮ್ಮ ಮಗಾ ಇಲ್ಲೇ ಕುಂತಾನ. ಅವಂಗ ಕೇಳ್ರಿ."

ಶಿವಕಾಂತಾ ಮಗನ ಕಡೆ ನೋಡಿದರು. ಅಮರನಾಥ, "ಹೋಗ್ತೇನಬೇ," ಎಂದ. ತಾಯಿ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಇಬ್ಬರಿಗೂ ಉಪ್ಪಿಟ್ಟು ತಂದಿದ್ದರು.

ಅಮರನಾಥ ಬೆಂಗಳೂರಿಗೆ ಹೋಗಿ ಚಿಕಿತ್ಸೆ ಪಡೆದ. ಸುಲಭವಾಗಲಿಲ್ಲ. ಎರಡನೆಯ ತಿಂಗಳಲ್ಲಿ ಯಕೃತ್ತಿಗೆ ಉರಿಯೂತ ಬಂದು, ಅದಕ್ಕೆ ಕೊಟ್ಟ ಗುಳಿಗೆಗಳಿಂದ ಮುಖ ಊದಿಕೊಂಡು, ಶಾಲೆಯ ಮಕ್ಕಳಿಗೆ ಗುರುತು ಸಿಗದಂತಾದ. ವಾರವಾರವೂ ಯಡ್ರಾಮಿಗೆ ಹೋಗಿ ರಕ್ತ ತೆಗೆಯುತ್ತಿದ್ದ ಬದರುನ್ನಿಸಾಗೆ ಆ ದಿನಗಳಲ್ಲಿ ಶಿವಕಾಂತಾ ಅವರ ಮುಖ ನೋಡಲು ಆಗುತ್ತಿರಲಿಲ್ಲ. ನಿಧಾನಕ್ಕೆ ಎಲ್ಲ ತಹಬಂದಿಗೆ ಬಂತು. ಅವನ ರಕ್ತ ಇವತ್ತಿಗೂ ನಮ್ಮ ನಿಮ್ಮದರಷ್ಟು ಚುರುಕಾಗಿ ಹೆಪ್ಪುಗಟ್ಟುವುದಿಲ್ಲ. ಆದರೆ ಸುಮ್ಮಸುಮ್ಮನೆ ಕೀಲುಗಳೊಳಗೆ ರಕ್ತ ಸೋರುವುದು ನಿಂತಿದೆ. ವರ್ಷದಲ್ಲಿ ಹಲವು ಸಲ ಊರುಗೋಲು ಹಿಡಿಯುತ್ತಿದ್ದ ಶಿಕ್ಷಕ ಈಗ ಗೋಡೆಯ ಮೇಲೆ ಚಿತ್ರ ಬರೆಯಲು ಏಣಿ ಹತ್ತುತ್ತಾನೆ.

ಅತ್ತ ಬೆಂಗಳೂರಿನವರು ಹೊಸ ಚಿಪ್ಪುಗಳನ್ನು ತಯಾರಿಸಿದ್ದರು. ಅವು ನಿಜವಾಗಿ ಪ್ರತಿಕಾಯಗಳ ಕಣ್ಣು ತಪ್ಪಿಸುತ್ತವೆಯೇ ಎಂದು ನೋಡಲು ಅತಿ ಗಟ್ಟಿಯಾಗಿ ಅಡ್ಡಗಟ್ಟುವ ರಕ್ತ ಬೇಕಿತ್ತು. ಡಾ. ಬಸವೇಶ್ವರಿ ಬದರುನ್ನಿಸಾರನ್ನು ಕರೆದು ಹೇಳಿದರು, "ಈ ಭಾಗದಾಗ ಅಂಥ ರಕ್ತ ಅಂದ್ರ ನಿನ್ನ ತಮ್ಮಂದೇ. ಸ್ವಲ್ಪ ಸ್ವಲ್ಪ ಮಾಡಿ ಹಲವು ಸಲ ಬೇಕಾಗ್ತದ. ಇದರಿಂದ ಅವನಿಗೆ ಚಿಕಿತ್ಸೆ ಸಿಗತದ ಅಂತ ನಾ ಹೇಳಾಕ ಬರಂಗಿಲ್ಲ. ಕೇಳೂದಿದ್ರ ಕೇಳು, ಒತ್ತಾಯ ಬ್ಯಾಡ."

ಬದರುನ್ನಿಸಾ ಕೇಳಿದರು. ಖಮರ ಯಂತ್ರದ ಮೇಲಿನ ಕಣ್ಣು ಎತ್ತದೆ, "ನನ್ನ ರಕ್ತ ಬ್ಯಾಡಂದಿದ್ರಲ್ಲ. ಈಗ್ಯಾಕ ಬೇಕು?" ಎಂದ. ಅಲ್ಲಿಗೆ ಮಾತು ಮುಗಿಯಿತು. ಅಕ್ಕ ಮತ್ತೊಮ್ಮೆ ಕೇಳಲಿಲ್ಲ. ತಾಯಿ ಕೇಳಲು ಹೊರಟಾಗ ಅವರನ್ನೂ ತಡೆದರು.

ಕೆಲವು ತಿಂಗಳ ಮೇಲೆ ಖಮರನ ಅಂಗಡಿಯ ಮುಂದೆ ಹೊಸ ಸ್ಕೂಟರೊಂದು ಬಂದು ನಿಂತಿತು. ಅದನ್ನು ಯಡ್ರಾಮಿಯಿಂದ ಓಡಿಸಿಕೊಂಡು ಬಂದವನು ಅಮರನಾಥ. ಬೀಳುವ ಭಯಕ್ಕೆ ಸೈಕಲ್ಲನ್ನೂ ಮುಟ್ಟದೆ ಬೆಳೆದವನು ಅಷ್ಟು ದೂರ ಬಂದಿದ್ದ. ನಂಬರು, ಮೇಲೊಂದು ರೇಡಿಯಂ ನವಿಲು ಬೇಕೆಂದ. ಇಬ್ಬರೂ ಅದುವರೆಗೆ ಭೇಟಿಯಾಗಿರಲಿಲ್ಲ. ಅಮರನಾಥನೇ ತನ್ನ ಹೆಸರು ಹೇಳಿಕೊಂಡ.

"ನಾ ಏನೂ ಹೇಳಾಕ ಹೋಗಿರಲಿಲ್ರಿ," ಎಂದು ಅಮರನಾಥ ನನಗೆ ಹೇಳಿದ. "ಬದರಕ್ಕನ ತಮ್ಮಂದು ಅಂಗಡಿ ಅದ ಅಂತ ಗೊತ್ತಿತ್ತು, ಅದಕ್ಕ ಅಲ್ಲಿಗೇ ಹೋದೆ. ಅವರು ನನ್ನ ಮೊಣಕಾಲು ನೋಡಿದ್ರು. ಮಡಚಿ ತೋರಸು ಅಂದ್ರು. ತೋರಿಸಿದೆ. ಮತ್ತೊಮ್ಮೆ ಅಂದ್ರು. ಆಮ್ಯಾಗ ನವಿಲು ಅಂಟಿಸಿ ಕೊಟ್ರು."

ಖಮರ ಇದನ್ನು ಬೇರೆ ರೀತಿ ಹೇಳುತ್ತಾನೆ. "ಹೊಟ್ಟಿಕಿಚ್ಚು ಬಂತ್ರಿ. ಸುಳ್ಳು ಯಾಕ ಹೇಳ್ಲಿ? ಆಮ್ಯಾಗ ಕುಂತು ವಿಚಾರ ಮಾಡಿದೆ. ಚೆಕ್‌ಪೋಸ್ಟಿನ್ಯಾಗ ಗಾಡಿ ಹಿಡೀತಾರಂದ್ರ, ಏನು ನೋಡಿ ಹಿಡೀತಾರ ಅಂತ ಗೊತ್ತಾಗಬೇಕಲ್ರಿ. ನನ್ನ ರಕ್ತ ಹಿಡಿಯೂದ್ರಾಗ ಎಲ್ಲರಕಿಂತ ಹುಷಾರ್ ಅದ. ಅದನ್ನ ದಾಟಿದ ಗಾಡಿ ಎಲ್ಲಿಬೇಕಾದ್ರೂ ದಾಟತದ."

ಮರುದಿನ ಬೆಳಿಗ್ಗೆ ಅವನು ಅಕ್ಕನಿಗೆ ಫೋನು ಮಾಡಿದ. ಎಷ್ಟೋ ತಿಂಗಳ ಮೇಲೆ ಮೊದಲ ಫೋನು. "ಆಪಾ, ಡಬ್ಬಿ ತಗೊಂಡು ಬಾ," ಎಂದಷ್ಟೇ ಹೇಳಿ ಇಟ್ಟ. ಬದರುನ್ನಿಸಾ ಆವತ್ತು ಜೇವರ್ಗಿಗೆ ಹೋಗಬೇಕಿತ್ತು. ಹೋಗಲಿಲ್ಲ. ಅಂಗಡಿಯ ಹಿಂದಿನ ನೆರಳಿನಲ್ಲಿ ತಮ್ಮನ ತೋಳು ಹಿಡಿದು ಕುಳಿತಾಗ ಅವರಿಗೆ ನರ ಕಾಣಿಸಲಿಲ್ಲವಂತೆ. ಕಣ್ಣು ತುಂಬಿತ್ತು. "ಅಳಬ್ಯಾಡ, ತಪ್ಪಿ ಚುಚ್ಚಿಬಿಟ್ಟೀ," ಎಂದ ಖಮರ. ಅಕ್ಕ ನಕ್ಕರು. ನರ ಸಿಕ್ಕಿತು.

ಆ ರಕ್ತ ಹಲವು ಸಲ ಬೆಂಗಳೂರಿಗೆ ಹೋಯಿತು. ಹೊಸ ಚಿಪ್ಪುಗಳಲ್ಲಿ ಬಹುಪಾಲು ಖಮರನ ರಕ್ತದಲ್ಲಿ ಸಿಕ್ಕಿಬಿದ್ದವು. ಬೆರಳೆಣಿಕೆಯಷ್ಟು ಪಾರಾದವು. ಪಾರಾದವುಗಳಲ್ಲಿ ಒಂದು ಮಾತ್ರ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮನುಷ್ಯರ ಯಕೃತ್ತಿನ ಕೋಶಗಳನ್ನು ಹಳೆಯ ಚಿಪ್ಪಿನಷ್ಟೇ ಚೆನ್ನಾಗಿ ಹೊಕ್ಕಿತು. ಇಲ್ಲಿಯ ಹಮಾಲರು, ರೈತರು, ಶಿಕ್ಷಕರು, ದತ್ತಪ್ಪನಂಥ ಹಿರಿಯರು ಕೊಟ್ಟ ಮಾದರಿಗಳಲ್ಲಿ ಪರೀಕ್ಷಿಸಿದಾಗಲೂ ಹೆಚ್ಚಿನವುಗಳಲ್ಲಿ ಆ ಚಿಪ್ಪಿಗೆ ಅಡ್ಡಿಯಾಗಲಿಲ್ಲ.

ಸುದ್ದಿ ಹೇಳುವಾಗ ಡಾ. ಬಸವೇಶ್ವರಿ ಈ ಸಲ ಅಕ್ಕ, ತಮ್ಮ, ತಾಯಿ ಮೂವರನ್ನೂ ಒಟ್ಟಿಗೆ ಕೂರಿಸಿಕೊಂಡರು. ಪ್ರಾಣಿಗಳ ಮೇಲಿನ ಪರೀಕ್ಷೆ ಮುಗಿಯಬೇಕು, ಅನುಮತಿ ಸಿಗಬೇಕು, ವರ್ಷಗಳು ಹಿಡಿಯಬಹುದು. ಕೊನೆಗೆ ಬೇರೆ ಏನಾದರೂ ಕಾರಣಕ್ಕೆ ಖಮರನಿಗೆ ಅದು ಹೊಂದದಿರಲೂಬಹುದು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು.

ಖಮರ, "ಇರ್ಲಿ ಬಿಡ್ರಿ ಡಾಕ್ಟರ್ ಬಾಯಾರ. ಒಂದರ ದಾಟಿತಲ್ಲ," ಎಂದ. ಮೆಹರಾಜಬೇಗಂ ಅವರಿಗೆ ಚಿಪ್ಪು, ಕೋಶ ಯಾವುದೂ ಪೂರ್ತಿ ತಿಳಿಯಲಿಲ್ಲ. ಮಗನ ರಕ್ತದಿಂದ ಬೇರೆಯವರ ಮಕ್ಕಳಿಗೆ ಒಳ್ಳೆಯದಾಗಬಹುದು ಎಂಬುದಷ್ಟೇ ತಿಳಿಯಿತು. "ನನ್ನ ಹೊಟ್ಟೀಲೆ ಬಂದ ರಕ್ತ ಅದು," ಎಂದು ಅವರು ಡಾಕ್ಟರರಿಗೆ ಹೇಳಿದರಂತೆ. ಅದನ್ನು ಅವರು ಯಾರೆದುರಾದರೂ ತಲೆ ಎತ್ತಿ ಹೇಳಿದ್ದು ಅದೇ ಮೊದಲು.

ನಾನು ಬದರುನ್ನಿಸಾ ಜೊತೆ ಅಡ್ಡಾಡಿದ ದಿನ ಮಧ್ಯಾಹ್ನದ ಹೊತ್ತಿಗೆ ಅವರು ಕಲಬುರಗಿಯ ಪ್ರಯೋಗಾಲಯದ ಕಿಟಕಿಯಲ್ಲಿ ಮಾದರಿಗಳನ್ನು ಒಪ್ಪಿಸಿ, ಹೊರಗಿನ ಬೇವಿನ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಾರೆ. ಖಡಕ್ ರೊಟ್ಟಿ, ಪುಂಡಿಪಲ್ಯ. ಹೊಸ ಚಿಪ್ಪಿನ ಬಗ್ಗೆ ವಿಜ್ಞಾನಿಗಳು ಬರೆದ ಪ್ರಬಂಧದಲ್ಲಿ ಅವರ ಹೆಸರಿಲ್ಲ, ಖಮರನ ಹೆಸರೂ ಇಲ್ಲ. ದಾನಿಗಳ ಹೆಸರನ್ನು ಗುಟ್ಟಾಗಿಡುವುದು ಅಲ್ಲಿಯ ನಿಯಮ. ಬೇಸರವಿಲ್ಲವೇ ಎಂದು ಕೇಳುತ್ತೇನೆ.

"ಹೆಸರು ಇಟ್ಟುಕೊಂಡು ಏನ್ ಮಾಡ್ಲಿರಿ?" ಎಂದು ನನ್ನ ಕೈಗೂ ಒಂದು ರೊಟ್ಟಿ ಇಡುತ್ತಾರೆ. ಸ್ವಲ್ಪ ಹೊತ್ತು ಊಟ ಮಾಡಿ, ಕೈ ತೊಳೆದುಕೊಂಡು ಬಂದು, ಕೇಳಿದ ಪ್ರಶ್ನೆ ಈಗ ಪೂರ್ತಿ ತಲುಪಿತೋ ಎಂಬಂತೆ ಮಾತು ಮುಂದುವರಿಸುತ್ತಾರೆ.

"ಮೊದಲಿನ ಚಿಪ್ಪು ಎಲ್ಲೋ ದೂರದ ಮಂದಿ ರಕ್ತ ನೋಡಿ ಆರಿಸಿದ್ರು. ಅದು ನಮ್ಮ ಕಡೆ ಭಾಳ ಮಂದಿಗೆ ಹೊಂದಲಿಲ್ಲ. ಅವರು ಬೇಕಂತ ಬಿಟ್ಟಿರಲಿಲ್ರಿ, ನಮ್ಮ ರಕ್ತ ಅವರ ತನಕ ಹೋಗಿರಲಿಲ್ಲ, ಅಷ್ಟೇ. ಇನ್ನ ಮುಂದ ಯಾವ ತಾಯಿನೂ 'ನಿನ್ನ ಮಗನ ರಕ್ತಕ್ಕ ಇದು ನಡಿಯಂಗಿಲ್ಲ' ಅನ್ನೂ ಮಾತು ಕೇಳಬಾರದು. ಈಗ ಮಾಡೂ ಔಷಧ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಮಂದಿ ರಕ್ತಾನೂ ನೋಡಿ ಮಾ​ಡಾಕತ್ತಾರ. ಅದನ್ನ ಕೆಡದಂಗ ಒಯ್ದು ಮುಟ್ಟಿಸಿದಾಕಿ ನಾನ್ರಿ."